ಕೊಟೇಶನ್ನಿನಲ್ಲಿ ಇಲ್ಲದ ಬೆರಳು



ದತ್ತಿ ಉಪನ್ಯಾಸಕ್ಕೆ ಸಾಹಿತ್ಯದವರನ್ನೋ ಇತಿಹಾಸದವರನ್ನೋ ಕರೆಯುವುದು ವಾಡಿಕೆ. ನೀವು ಡೈ, ಅಂದರೆ ತಗಡು ಕತ್ತರಿಸುವ ಅಚ್ಚು, ಮಾಡುವ ಕಸುಬಿನವನನ್ನು ಕರೆದಿದ್ದೀರಿ. ಈ ದತ್ತಿಯ ಹಿಂದಿರುವ ಮನೆತನ ತಾನೇ ಒಂದು ವರ್ಕ್‌ಶಾಪ್ ನಡೆಸಿದ್ದರಿಂದ ಇದು ಸಾಧ್ಯವಾಯಿತು ಎಂದುಕೊಂಡಿದ್ದೇನೆ. ಮಾಲೀಕರೂ ಕೆಲಸಗಾರರೂ ಒಂದೇ ಸಭಾಂಗಣದಲ್ಲಿ ಕೂತು ಒಂದೇ ಮಾತು ಕೇಳುವುದು ಅಪರೂಪ. ಇಬ್ಬರಿಗೂ ಸ್ವಲ್ಪ ಮುಜುಗರವಾದರೆ ಕ್ಷಮಿಸಬೇಕು.

ಸಣ್ಣ ಉದ್ಯಮಗಳಲ್ಲಿ ದುಡಿಯುವವರ ಗಾಯ ಮತ್ತು ಸುರಕ್ಷತೆ ಎಂದು ವಿಷಯ ಕೊಟ್ಟಿದ್ದೀರಿ. ಕಲ್ಲು ಕೊಯ್ಯುವ ಶೆಡ್ಡುಗಳ ಧೂಳು, ಫೌಂಡ್ರಿಯ ಸುಟ್ಟಗಾಯ, ರಾಮನಗರದ ರೇಷ್ಮೆ ಬಿಚ್ಚಾಣಿಕೆ ಮನೆಗಳಲ್ಲಿ ಕುದಿನೀರಿಗೆ ಬೆಂದ ಬೆರಳುಗಳು, ಹೋಟೆಲಿನ ಗ್ರೈಂಡರಿಗೆ ಸಿಕ್ಕ ಕೈ, ಇವೆಲ್ಲ ಅದರೊಳಗೆ ಬರುತ್ತವೆ. ಎಲ್ಲವನ್ನೂ ಒಂದು ಗಂಟೆಯಲ್ಲಿ ಮುಟ್ಟಿ ಹೋದರೆ ಯಾವುದೂ ತಲೆಗೆ ಹತ್ತುವುದಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ ಯಂತ್ರ: ಪವರ್ ಪ್ರೆಸ್. ಅದನ್ನೇ ಹಿಡಿದು ಮಾತಾಡುತ್ತೇನೆ.

ನಿಮ್ಮ ಮನೆಯ ಸ್ವಿಚ್ಚಿನೊಳಗಿನ ಹಿತ್ತಾಳೆ ತುಂಡು, ಸ್ಕೂಟರಿನ ಬ್ರಾಕೆಟ್ಟು, ಮಿಕ್ಸಿಯ ತಳದ ತಗಡು, ಬಾಗಿಲಿನ ಹಿಂಜು, ಊಟದ ಡಬ್ಬಿಯ ಮುಚ್ಚಳ, ಇವೆಲ್ಲ ಪ್ರೆಸ್ಸಿನಿಂದ ಬಂದವು. ಪೀಣ್ಯ, ಕಾಮಾಕ್ಷಿಪಾಳ್ಯ, ರಾಜಾಜಿನಗರ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಎಲ್ಲಿ ಹೋದರೂ ಆ ಸದ್ದು ಕಿವಿಗೆ ಬೀಳುತ್ತದೆ. ಬೆಂಗಳೂರಿನಲ್ಲಿ ಈ ಶೆಡ್ಡುಗಳು ತಾವಾಗಿ ಹುಟ್ಟಿದವಲ್ಲ. ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ತಮಗೆ ಬೇಕಾದ ಬಿಡಿಭಾಗಗಳನ್ನು ಹೊರಗೆ ಮಾಡಿಸತೊಡಗಿದಾಗ ಒಬ್ಬೊಬ್ಬ ನುರಿತ ಕೆಲಸಗಾರ ಹೊರಬಂದು ಒಂದು ಲೇತು, ಒಂದು ಪ್ರೆಸ್ಸು ಹಾಕಿಕೊಂಡು ಕೂತ. 1970ರ ದಶಕದಲ್ಲಿ ಪೀಣ್ಯ ಬೆಳೆದಾಗ ಅಂಥವರು ಸಾವಿರಗಟ್ಟಲೆ ಆದರು. ಹಾಗಾಗಿ ನಮ್ಮಲ್ಲಿ ಮಾಲೀಕ ಎಂದರೆ ಬಹಳ ಕಡೆ ಮೊನ್ನೆಯವರೆಗೆ ತಾನೇ ಪೆಡಲ್ ತುಳಿದವನು. ಒಂದೆರಡು ಬೆರಳು ಕಳೆದುಕೊಂಡ ಮಾಲೀಕರನ್ನೂ ನಾನು ಬಲ್ಲೆ. ವಿಚಿತ್ರವೆಂದರೆ ಆ ನೋವು ಅವರನ್ನು ಯಾವಾಗಲೂ ಎಚ್ಚರಗೊಳಿಸುವುದಿಲ್ಲ. ‘ನಮಗೂ ಆಗಿತ್ತು, ಕಸುಬು ಕಲಿಯುವಾಗ ಆಗುತ್ತೆ ಬಿಡಪ್ಪ’ ಎಂದು ಹುಡುಗನಿಗೆ ಸಮಾಧಾನ ಹೇಳುವವರು ಹೆಚ್ಚಾಗಿ ಅವರೇ.

ಆಗುತ್ತೆ ಬಿಡು ಎಂಬ ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂದು ಹೇಳಲು ಯಂತ್ರದೊಳಗೆ ಸ್ವಲ್ಪ ಇಳಿಯಬೇಕು.

ಪ್ರೆಸ್ಸಿನ ಬದಿಯಲ್ಲಿ ಭಾರಿ ಫ್ಲೈವೀಲ್ ಒಂದು ಸದಾ ತಿರುಗುತ್ತಿರುತ್ತದೆ. ಕೆಲಸಗಾರ ಪೆಡಲ್ ತುಳಿದಾಗ ಕ್ಲಚ್ಚಿನೊಳಗಿನ ಕೀ ಹೊರಳಿ ಆ ಗಾಲಿಯನ್ನು ಕ್ರ್ಯಾಂಕ್ ಶಾಫ್ಟಿಗೆ ಕಚ್ಚಿಸುತ್ತದೆ. ರ‍್ಯಾಮ್ ಕೆಳಗಿಳಿಯುತ್ತದೆ, ಪಂಚು ಡೈಯೊಳಗೆ ಹೊಕ್ಕು ಶೀಟನ್ನು ಕತ್ತರಿಸುತ್ತದೆ, ಮತ್ತೆ ಮೇಲೆ ಹೋಗಿ ನಿಲ್ಲುತ್ತದೆ. ಸಣ್ಣ ಶೆಡ್ಡುಗಳಲ್ಲಿ ಇವತ್ತಿಗೂ ಹೆಚ್ಚಾಗಿರುವ ಈ ಕೀ ಕ್ಲಚ್ ಪ್ರೆಸ್ಸಿಗೆ ಒಂದು ಹುಟ್ಟುಗುಣವಿದೆ. ಒಮ್ಮೆ ಕಚ್ಚಿತೆಂದರೆ ಪೂರ್ತಿ ಒಂದು ಸುತ್ತು ಮುಗಿಸಿಯೇ ಬಿಡುವುದು. ನಡುವೆ ಕೈ ಸಿಕ್ಕಿತೆಂದು ಸ್ವಿಚ್ ಆರಿಸಿದರೂ ಉಪಯೋಗವಿಲ್ಲ, ಗಾಲಿಯಲ್ಲಿ ತುಂಬಿರುವ ವೇಗ ತನ್ನ ಕೆಲಸ ಮಾಡಿಯೇ ನಿಲ್ಲುತ್ತದೆ.

ಇನ್ನೊಂದು ಗುಣ ಇದಕ್ಕಿಂತ ಕೆಟ್ಟದ್ದು. ಕೀಯ ಅಂಚು ಸವೆದಿದ್ದರೆ, ಸ್ಪ್ರಿಂಗಿನ ಬಿಗಿ ಹೋಗಿದ್ದರೆ, ಬ್ರೇಕಿಗೆ ಎಣ್ಣೆ ಹತ್ತಿದ್ದರೆ, ರ‍್ಯಾಮ್ ಮೇಲೆ ಹೋದದ್ದು ಅಲ್ಲಿ ನಿಲ್ಲದೆ ಇನ್ನೊಮ್ಮೆ ಬಂದುಬಿಡುತ್ತದೆ. ಇದು ಡಬಲ್ ಸ್ಟ್ರೋಕ್. ಮೊದಲ ಹೊಡೆತ ಮುಗಿಯಿತೆಂದು ಕೆಲಸಗಾರ ಪೀಸು ತೆಗೆಯಲು ಕೈ ಹಾಕಿರುತ್ತಾನೆ, ಪೆಡಲಿನ ಮೇಲೆ ಅವನ ಕಾಲೂ ಇರುವುದಿಲ್ಲ. ಪೆಡಲ್ ತುಳಿಯದೆ ಬಂದ ಹೊಡೆತಕ್ಕೆ ಎಚ್ಚರಿಕೆಯ ಪಾಠ ಹೇಳಿ ಏನು ಫಲ? ಆದರೆ ಆಮೇಲೆ ಆಸ್ಪತ್ರೆಯ ಚೀಟಿಯಲ್ಲಿ, ಶೆಡ್ಡಿನ ಮಾತಿನಲ್ಲಿ, ಎಷ್ಟೋ ಸಲ ಆ ಹುಡುಗನ ಅಪ್ಪನ ಬಾಯಲ್ಲೂ ಬರುವ ಕಾರಣ ಒಂದೇ, ‘ಅವನ ಗಮನ ಎಲ್ಲೋ ಇತ್ತು’.

ಗಮನದ ಮಾತನ್ನೇ ತೆಗೆದುಕೊಳ್ಳಿ. ಕೈಯಿಂದ ಪೀಸು ಇಡು, ಕೈ ತೆಗೆ, ಕಾಲಿನಿಂದ ತುಳಿ, ಮತ್ತೆ ಕೈ ಹಾಕು. ಪಾಳಿಯೊಂದರಲ್ಲಿ ಇದು ಸಾವಿರಾರು ಸಲ ನಡೆಯುತ್ತದೆ. ಸ್ವಲ್ಪ ಹೊತ್ತಿಗೆ ಕೈಕಾಲುಗಳು ಒಂದು ತಾಳಕ್ಕೆ ಬೀಳುತ್ತವೆ, ಆ ತಾಳದಿಂದಲೇ ವೇಗ ಬರುತ್ತದೆ, ವೇಗದಿಂದಲೇ ದಿನದ ಪೀಸಿನ ಲೆಕ್ಕ ತುಂಬುತ್ತದೆ. ಒಂದು ಪೀಸು ಎಣ್ಣೆಗೆ ಅಂಟಿಕೊಂಡು ಅರೆಕ್ಷಣ ತಡವಾದರೆ ಸಾಕು, ಕೈ ಇನ್ನೂ ಒಳಗಿರುವಾಗಲೇ ಕಾಲು ತನ್ನ ಸರದಿಗೆ ತುಳಿದುಬಿಡುತ್ತದೆ. ಮನುಷ್ಯನ ಗಮನ ಸಾವಿರಾರು ಸಲ ತಪ್ಪದೆ ಇರಬೇಕೆಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆಯನ್ನು ಯಾವ ಎಂಜಿನಿಯರೂ ವ್ಯವಸ್ಥೆ ಎನ್ನಲಾರ.

ಹಾಗಾದರೆ ದಾರಿ? ದಾರಿ ಹಳೆಯದೇ, ನಮ್ಮ ಕಸುಬಿನ ಎಲ್ಲರಿಗೂ ಗೊತ್ತಿರುವುದೇ. ಡೈಯನ್ನು ಮುಚ್ಚಿದ ಡೈಯಾಗಿ ಮಾಡಬೇಕು: ಶೀಟು ಜಾರುವಷ್ಟು ಸಂದಿ, ಕಿರುಬೆರಳೂ ತೂರದಷ್ಟು ಸಂದಿ. ಬಿಡಿ ಬಿಡಿ ಪೀಸು ಇಡುವ ಕೆಲಸವಾದರೆ ಜಾರುಹಲಗೆಯ ಮೇಲಿಂದ ಒಳಕ್ಕೆ ದೂಡುವ ಏರ್ಪಾಡು, ಇಲ್ಲವೇ ಇಕ್ಕಳ ಅಥವಾ ಅಯಸ್ಕಾಂತದ ಕಡ್ಡಿ. ಆದ ಪೀಸು ತಾನೇ ಕೆಳಗೆ ಬೀಳುವಂತೆ ಅಥವಾ ಗಾಳಿಯಿಂದ ಹಾರಿಹೋಗುವಂತೆ ಮಾಡಿದರೆ ಕೈ ಹಾಕುವ ಕಾರಣವೇ ಇರುವುದಿಲ್ಲ. ಗಾರ್ಡು ಮುಚ್ಚದಿದ್ದರೆ ಕ್ಲಚ್ಚೇ ಕಚ್ಚದಂತೆ ಕೊಂಡಿ ಹಾಕಬಹುದು.

ಇಲ್ಲಿ ಒಂದು ಮಾತು ಮಾಲೀಕರ ಕಿವಿಗೆ. ಈಗ ಸೆನ್ಸರ್ ಮಾರುವವರು ಶೆಡ್ಡಿಂದ ಶೆಡ್ಡಿಗೆ ಬರುತ್ತಿದ್ದಾರೆ. ಬೆಳಕಿನ ಪರದೆ ಹಾಕಿ, ಕೈ ಅಡ್ಡ ಬಂದರೆ ಯಂತ್ರ ನಿಲ್ಲುತ್ತೆ ಅನ್ನುತ್ತಾರೆ. ಗಾಳಿಯೊತ್ತಡದ ಫ್ರಿಕ್ಷನ್ ಕ್ಲಚ್ ಇರುವ ಪ್ರೆಸ್ಸಿಗೆ ಅದು ಒಳ್ಳೆಯ ಸಾಧನ, ಏಕೆಂದರೆ ಅದನ್ನು ಅರ್ಧದಲ್ಲಿ ನಿಲ್ಲಿಸಬಹುದು. ಕೀ ಕ್ಲಚ್ಚಿನ ಪ್ರೆಸ್ಸಿಗೆ ಹಾಕಿದರೆ ಸೆನ್ಸರ್ ಕೈಯನ್ನು ಕಾಣುತ್ತದೆ, ನಿಲ್ಲು ಎನ್ನುತ್ತದೆ, ನಿಲ್ಲುವ ಅಂಗವೇ ಯಂತ್ರದಲ್ಲಿರುವುದಿಲ್ಲ. ಅದನ್ನು ನಂಬಿ ಕೈ ಹಾಕುವ ಹುಡುಗನಿಗೆ ಸೆನ್ಸರ್ ಇಲ್ಲದ ಪ್ರೆಸ್ಸೇ ವಾಸಿ. ಕೊಳ್ಳುವ ಮೊದಲು ಕ್ಲಚ್ ಯಾವುದು ಎಂದು ಕೇಳದೆ ಮಾರುವವರನ್ನು ದಯವಿಟ್ಟು ಬಾಗಿಲಿಂದಲೇ ಕಳಿಸಿ.

ಈಗ ನಾನು ಹೇಳಲು ಬಂದ ಮಾತು. ಉಪಾಯ ಗೊತ್ತಿದ್ದೂ ಶೆಡ್ಡಿನಲ್ಲಿ ಯಾಕಿಲ್ಲ? ಇದ್ದ ಗಾರ್ಡೂ ಬಿಚ್ಚಿ ಗೋಡೆಗೆ ಒರಗಿಸಿರುತ್ತದೆ, ಯಾಕೆ? ನನ್ನ ಉತ್ತರ: ಬೆರಳು ಹೋಗುವುದು ಪ್ರೆಸ್ಸಿನ ಮುಂದೆ ಕೂತಾಗ ಅಲ್ಲ, ಅದಕ್ಕೆ ಎಷ್ಟೋ ತಿಂಗಳ ಮುಂಚೆ, ಕೊಟೇಶನ್ ಬರೆಯುವ ಹೊತ್ತಿನಲ್ಲಿ.

ಅದು ನಡೆಯುವ ಬಗೆ ಹೀಗೆ. ದೊಡ್ಡ ಕಂಪನಿಯಿಂದ ಒಂದು ಡ್ರಾಯಿಂಗ್ ಬರುತ್ತದೆ. ಅದರಲ್ಲಿ ಶೀಟಿನ ದಪ್ಪ, ತೂತಿನ ಅಳತೆ, ಮೈಕ್ರಾನ್ ಲೆಕ್ಕದ ಟಾಲರೆನ್ಸು, ಪ್ಲೇಟಿಂಗಿನ ಬಣ್ಣ, ಪ್ಯಾಕಿಂಗಿನ ಡಬ್ಬದ ಗಾತ್ರ ಎಲ್ಲ ಇರುತ್ತದೆ. ಮಾಡುವವನ ಕೈ ಎಲ್ಲಿರಬೇಕು ಎಂಬುದೊಂದು ಇರುವುದಿಲ್ಲ. ನಾಲ್ಕು ಶೆಡ್ಡಿನವರು ಕೊಟೇಶನ್ ಹಾಕುತ್ತಾರೆ. ಕಚ್ಚಾ ಮಾಲು ಇಷ್ಟು, ಡೈ ಇಷ್ಟು, ಕೂಲಿ ಇಷ್ಟು, ಸ್ಕ್ರ್ಯಾಪ್ ಕಳೆದರೆ ಇಷ್ಟು. ಮುಚ್ಚಿದ ಡೈಗೆ ಹೆಚ್ಚು ಉಕ್ಕು ಬೇಕು, ಹೆಚ್ಚು ಮಿಲ್ಲಿಂಗ್ ಬೇಕು, ಸೆಟ್ಟಿಂಗಿಗೆ ಹೆಚ್ಚು ಹೊತ್ತು ಬೇಕು. ಅದನ್ನು ಸೇರಿಸಿ ಬರೆದವನ ದರ ಉಳಿದ ಮೂವರಿಗಿಂತ ಮೇಲೆ ನಿಲ್ಲುತ್ತದೆ. ಅವನಿಗೆ ಆರ್ಡರ್ ಸಿಗುವುದಿಲ್ಲ. ಮುಂದಿನ ಸಲ ಅವನೂ ಬರೆಯುವುದಿಲ್ಲ.

ಆ ಹೆಚ್ಚಿನ ಖರ್ಚು ಎಷ್ಟು ದೊಡ್ಡದು? ಲೆಕ್ಕಕ್ಕೆಂದು ಹಿಡಿಯೋಣ: ಡೈ ಮುಚ್ಚಿಸಲು, ಗಾರ್ಡಿಗೆ, ಇಪ್ಪತ್ತು ಸಾವಿರ ರೂಪಾಯಿ ಹೆಚ್ಚಿಗೆ ಬಿತ್ತು, ಆ ಡೈ ನಾಲ್ಕು ಲಕ್ಷ ಪೀಸು ಹೊಡೆಯಿತು. ಪೀಸಿಗೆ ಬಿದ್ದದ್ದು ಐದು ಪೈಸೆ. ಐದು ಪೈಸೆಗೆ ಆರ್ಡರ್ ಕೈತಪ್ಪುತ್ತದೆಯೇ ಎಂದು ಹೊರಗಿನವರು ಕೇಳಬಹುದು. ಪೀಣ್ಯದಲ್ಲಿ ಕೂತವರು ಕೇಳುವುದಿಲ್ಲ, ಅವರಿಗೆ ಗೊತ್ತು. ಹಾಗಾಗಿ ಸಣ್ಣ ಮಾಲೀಕನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆ ನನಗೆ ತೃಪ್ತಿಯಿಲ್ಲ. ಅವನನ್ನು ಬಿಟ್ಟುಬಿಡಿ ಎಂದೂ ನಾನು ಹೇಳುತ್ತಿಲ್ಲ. ಕ್ಲಚ್ಚಿನ ಸ್ಪ್ರಿಂಗು ಬದಲಿಸಲು ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ. ಡಬಲ್ ಬೀಳುವ ಪ್ರೆಸ್ಸಿನ ಮುಂದೆ ಮನುಷ್ಯನನ್ನು ಕೂರಿಸುವುದು ಬಡತನದ ಮಾತಲ್ಲ.

ಈ ಸರಪಳಿಯ ಮೇಲ್ತುದಿಯವರೆಗೆ ಹೋಗಿ ಪ್ರಶ್ನೆ ಕೇಳಿದವರು ಹರಿಯಾಣದಲ್ಲಿದ್ದಾರೆ. ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ ಗುರುಗ್ರಾಮ, ಫರೀದಾಬಾದ್ ಸುತ್ತಿನ ವಾಹನ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಗಾಯಗೊಂಡವರನ್ನು ಕಂಡು ಮಾತಾಡಿಸಿ 2019ರಿಂದ ‘ಕ್ರಶ್ಡ್’ ಎಂಬ ವಾರ್ಷಿಕ ವರದಿ ತರುತ್ತಿದೆ. ಬೆರಳು ಹೋದವರಲ್ಲಿ ದೊಡ್ಡ ಪಾಲು ಪವರ್ ಪ್ರೆಸ್ಸಿನವರು, ಹೆಚ್ಚಿನವರು ಬೇರೆ ರಾಜ್ಯದಿಂದ ಬಂದ ಎಳೆಯರು, ಬಹಳ ಜನರಿಗೆ ಇಎಸ್‌ಐ ಕಾರ್ಡು ಕೈಗೆ ಬಂದದ್ದು ಗಾಯವಾದ ಮೇಲೆ. ವರ್ಷ ವರ್ಷವೂ ಅವರಿಗೆ ಕಾಣುತ್ತಿರುವುದು ಇದು. ಪೀಣ್ಯಕ್ಕೆ ಅಂಥ ಒಂದು ವರದಿ ಬೇಕು. ರಾಯಚೂರು, ಕಲಬುರಗಿಯಿಂದ ಬಂದವರ ಪಕ್ಕದಲ್ಲಿ ಒಡಿಶಾ, ಬಿಹಾರ, ಅಸ್ಸಾಮಿನ ಹುಡುಗರು ನಮ್ಮಲ್ಲೂ ಕೂತಿದ್ದಾರೆ. ಅವರ ತಲೆಯ ಮೇಲೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ‘ಸುರಕ್ಷತೆಯೇ ಮೊದಲು’ ಎಂಬ ಬೋರ್ಡು ತೂಗುತ್ತಿರುತ್ತದೆ. ಅದನ್ನು ಓದಲಾರದವನಿಗೆ ಅದು ಗೋಡೆಯ ಅಲಂಕಾರ. ಓದಬಲ್ಲವನಿಗೂ ಅಷ್ಟೇ ಅನ್ನಿ.

2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆ ಹೊತ್ತಿ ಉರಿದು ಕೆಲಸದ ಹುಡುಗರು ಸುಟ್ಟುಹೋದಾಗ ನಾಡೆಲ್ಲ ಮರುಗಿತು, ಅಧಿಕಾರಿಗಳು ಓಡಿದರು, ಪರವಾನಗಿಗಳ ತಪಾಸಣೆಯಾಯಿತು. ಒಮ್ಮೆಗೇ ಹತ್ತಾರು ಜೀವ ಹೋದರೆ ಲೆಕ್ಕಕ್ಕೆ ಬರುತ್ತದೆ. ಒಂದೊಂದೇ ಶೆಡ್ಡಿನಲ್ಲಿ, ಒಂದೊಂದೇ ದಿನ, ಒಂದೊಂದೇ ಬೆರಳು ಹೋದರೆ ಬರುವುದಿಲ್ಲ. ಬಾರದಂತೆ ನೋಡಿಕೊಳ್ಳುವ ಜಾಣತನಗಳೂ ಇವೆ. 1948ರ ಕಾರ್ಖಾನೆಗಳ ಕಾಯ್ದೆಯಂತೆ, ಗಾಯಗೊಂಡವನು ನಲವತ್ತೆಂಟು ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕಿತ್ತು. ಅದಕ್ಕೆ ಪಟ್ಟಿ ಕಟ್ಟಿದ ಕೈಯವನನ್ನು ಮಾರನೆಯ ದಿನವೇ ಕರೆಸಿ ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂರಿಸುವುದುಂಟು. ಹಾಜರಿ ಬಿತ್ತು, ಅಪಘಾತ ಆಗಲಿಲ್ಲ.

ಆ ಕಾಯ್ದೆ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನ್ನುತ್ತಿತ್ತು. ಹಾಗಾಗಿ ಎಷ್ಟೋ ಶೆಡ್ಡುಗಳ ಹಾಜರಿ ಪುಸ್ತಕ ಒಂಬತ್ತಕ್ಕೆ ಬಂದು ನಿಂತುಬಿಡುತ್ತಿತ್ತು, ಹತ್ತನೆಯವನು ಗುತ್ತಿಗೆದಾರನ ಕಡೆಯವನು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳಲ್ಲಿ ಈ ಗೆರೆ ಇಪ್ಪತ್ತಕ್ಕೆ ಸರಿದಿದೆ. ವಿದ್ಯುತ್ ಇಲ್ಲದ ಕಡೆ ನಲವತ್ತು. ಸುರಕ್ಷತೆಯ ಸಾಮಾನ್ಯ ಕರ್ತವ್ಯಗಳು ಹತ್ತು ಜನರಿರುವ ಕಡೆಗೂ ಅನ್ವಯಿಸುತ್ತವೆ ಎಂಬುದು ನಿಜ. ಆದರೂ ಹದಿನೈದು ಜನ, ಆರು ಪ್ರೆಸ್ಸು ಇರುವ ಶೆಡ್ಡು ಇನ್ನು ಮೇಲೆ ಕಾನೂನಿನ ಕಣ್ಣಿಗೆ ಕಾರ್ಖಾನೆಯಲ್ಲ ಎಂಬುದನ್ನು ನನಗೆ ಒಪ್ಪಿಕೊಳ್ಳಲಾಗುತ್ತಿಲ್ಲ. ಅಪಾಯವನ್ನು ತಲೆ ಎಣಿಸಿ ಅಳೆಯುವುದಕ್ಕಿಂತ ಪ್ರೆಸ್ಸು ಎಣಿಸಿ ಅಳೆಯಬೇಕಿತ್ತು. ಅದೇ ಸಂಹಿತೆಯಲ್ಲಿ ಒಂದು ಒಳ್ಳೆಯದೂ ಇದೆ: ಕೆಲಸಕ್ಕೆ ಸೇರುವ ಪ್ರತಿಯೊಬ್ಬನಿಗೂ ನೇಮಕಾತಿ ಪತ್ರ ಕೊಡಬೇಕು. ‘ಇವನು ನಮ್ಮವನೇ ಅಲ್ಲ’ ಎಂಬ ಒಂದು ಮಾತಿಗೆ ಎಷ್ಟು ದಾವೆಗಳು ಬಿದ್ದುಹೋಗಿವೆ ಎಂದು ಬಲ್ಲವರಿಗೆ ಆ ಕಾಗದದ ಬೆಲೆ ತಿಳಿಯುತ್ತದೆ.

ಕೆಲಸಗಾರರು ತಿಳಿದಿರಬೇಕಾದ ನಾಲ್ಕು ಮಾತು ಇಲ್ಲೇ ಹೇಳಿಬಿಡುತ್ತೇನೆ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ ಇದೆ. ಮಾಲೀಕನ ವಂತಿಗೆ ವೇತನದ ಶೇ. 3.25, ಕೆಲಸಗಾರನದು ಶೇ. 0.75. ಕಾಯಿಲೆಯ ಸೌಲಭ್ಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿದೆ, ಕೆಲಸದ ಗಾಯಕ್ಕೆ ಆ ಷರತ್ತಿಲ್ಲ. ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕು ಇದೆ. ವಾಸಿಯಾಗುವವರೆಗೆ ಸರಾಸರಿ ದಿನಗೂಲಿಯ ಶೇ. 90 ಸಿಗುತ್ತದೆ. ನಿಯಮ ಮೀರಿ ಕೆಲಸ ಮಾಡುತ್ತಿದ್ದ ಎಂಬ ಕಾರಣಕ್ಕೂ ತಳ್ಳಿಹಾಕುವಂತಿಲ್ಲ. ಮಾಲೀಕನ ಕೆಲಸಕ್ಕಾಗಿಯೇ ಹಾಗೆ ಮಾಡಿದ್ದರೆ ಅದು ಕೆಲಸದ ಗಾಯವೇ ಎಂದು ಇಎಸ್‌ಐ ಕಾಯ್ದೆಯ 51ಬಿ ಕಲಮು ಹೇಳಿತ್ತು.

ಶಾಶ್ವತ ನಷ್ಟಕ್ಕೆ ಕಾನೂನಿನಲ್ಲಿ ಬೆರಳುಗಳ ಒಂದು ಪಟ್ಟಿಯೇ ಇದೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ಹೋಯಿತು ಎಂದು ಲೆಕ್ಕ. ತೋರುಬೆರಳು ಪೂರ್ತಿ ಹೋದರೆ 14, ಮಧ್ಯದ್ದು 12, ಉಂಗುರದ ಬೆರಳೋ ಕಿರುಬೆರಳೋ ಆದರೆ 7. ಮೂಳೆ ಉಳಿದು ತೋರುಬೆರಳಿನ ತುದಿ ಮಾತ್ರ ಕತ್ತರಿಸಿದ್ದರೆ 5. ದಿನಕ್ಕೆ 500 ರೂಪಾಯಿ ದುಡಿಯುವವನ ತೋರುಬೆರಳು ಹೋಯಿತೆನ್ನಿ. ಪೂರ್ಣ ದರ 450, ಅದರ ಶೇ. 14 ಎಂದರೆ ದಿನಕ್ಕೆ 63 ರೂಪಾಯಿ, ಬದುಕಿರುವವರೆಗೆ. ಇದು ಕಡಿಮೆಯೋ ಹೆಚ್ಚೋ ಎಂದು ನಾನು ಹೇಳುವುದಿಲ್ಲ. ತೋರುಬೆರಳಿಲ್ಲದವನನ್ನು ಮೈಕ್ರೋಮೀಟರ್ ಹಿಡಿಯುವ ಕೆಲಸಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂಬುದಷ್ಟು ಗೊತ್ತು. ಪಟ್ಟಿಯಲ್ಲಿ ಬೆರಳಿಗೆ ಅಂಕಿಯಿದೆ, ಆ ಬೆರಳು ಕಲಿತಿದ್ದ ಕಸುಬಿಗೆ ಅಂಕಿಯಿಲ್ಲ.

ಇಎಸ್‌ಐ ಇಲ್ಲದ ಕಡೆ 1923ರ ಪರಿಹಾರ ಕಾಯ್ದೆ ಇತ್ತು, ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಯಂತ್ರದ ಕೆಲಸಕ್ಕೆ ಅಲ್ಲಿ ಹತ್ತು ಜನರ ಗೆರೆಯಿಲ್ಲ, ಶೆಡ್ಡಿನಲ್ಲಿ ಒಬ್ಬನೇ ಇದ್ದರೂ ಮಾಲೀಕ ಹೊಣೆ. 2020ರ ಜನವರಿಯಲ್ಲಿ ಗೊತ್ತುಮಾಡಿದ 15,000 ರೂಪಾಯಿ ವೇತನಮಿತಿಯ ಮೇಲೆ, ಇಪ್ಪತ್ತು ವರ್ಷದ ಹುಡುಗನ ತೋರುಬೆರಳಿಗೆ ಆ ಕಾಯ್ದೆಯ ಸೂತ್ರದಂತೆ 2,82,240 ರೂಪಾಯಿ ಆಗುತ್ತದೆ. ಇದನ್ನು ಮಾಲೀಕ ಕಿಸೆಯಿಂದ ಕೊಡಬೇಕು. ವಂತಿಗೆ ಉಳಿಸಲು ಹೋಗಿ ಇಎಸ್‌ಐ ತಪ್ಪಿಸಿದವರು ಈ ಅಂಕಿಯನ್ನು ಒಮ್ಮೆ ಬರೆದಿಟ್ಟುಕೊಳ್ಳಲಿ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಬೇಕೆಂದೇ ಗಾರ್ಡು ತೆಗೆದವನಿಗೆ ಪರಿಹಾರವಿಲ್ಲ ಎಂಬ ವಿನಾಯಿತಿ ಆ ಕಾಯ್ದೆಯಲ್ಲಿದೆ. ಪ್ರತಿ ಮೊಕದ್ದಮೆಯಲ್ಲೂ ವಕೀಲರು ಮೊದಲು ಎತ್ತಿಕೊಳ್ಳುವುದು ಅದನ್ನೇ. ಗಾರ್ಡು ಹಾಕಿಕೊಂಡು ಗಂಟೆಗೆ ಎಷ್ಟು ಪೀಸು ಆಗುತ್ತದೆ, ಮೇಸ್ತ್ರಿ ಎಷ್ಟು ಕೇಳುತ್ತಿದ್ದ, ಇವೆರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗಾರ್ಡು ಯಾರು ತೆಗೆದರು ಎಂಬುದು ತಿಳಿಯುತ್ತದೆ.

ಊರ ಕಡೆಯ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಮಂಡ್ಯದ ಆಲೆಮನೆಯ ಗಾಣವೂ ಪ್ರೆಸ್ಸಿನ ಜಾತಿಯದೇ. ಕಬ್ಬಿನ ಜೊತೆ ಕೈ ಎಳೆದುಕೊಂಡರೆ ಉರುಳೆಗಳು ಬಿಡುವುದಿಲ್ಲ, ಕಬ್ಬು ಕೊಡುವುದು ರಾತ್ರಿಯೆಲ್ಲ ನಡೆಯುವ ಕೆಲಸ. ಇಎಸ್‌ಐ ಕಾಯ್ದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು, ಸಕ್ಕರೆಯ ಜೊತೆಗೆ ಬೆಲ್ಲವನ್ನೂ ಹೆಸರಿಟ್ಟು ಆ ಪಟ್ಟಿಗೆ ಸೇರಿಸಿತ್ತು. ಗಾಣಕ್ಕೆ ಕೈಕೊಟ್ಟವನಿಗೆ ಉಳಿದದ್ದು 1923ರ ದಾರಿ ಮಾತ್ರ, ಆ ದಾರಿ ಇದೆಯೆಂದು ಆಲೆಮನೆಯಲ್ಲಿ ಹೇಳಿದವರು ಕಡಿಮೆ.

ಬ್ರಿಟನ್ನಿನಲ್ಲೂ ಪ್ರೆಸ್ಸು ಬೆರಳು ತಿನ್ನುತ್ತಿತ್ತು. ಅಲ್ಲಿ 1965ರಲ್ಲಿ ಪವರ್ ಪ್ರೆಸ್ಸಿಗೆಂದೇ ನಿಯಮ ತಂದರು. ಡೈ ಕೂರಿಸಿದ ಮೇಲೆ, ಮತ್ತು ಪ್ರತಿ ಪಾಳಿಯ ಮೊದಲ ನಾಲ್ಕು ಗಂಟೆಯೊಳಗೆ, ತರಬೇತಾದವನೊಬ್ಬ ಗಾರ್ಡನ್ನು ಪರೀಕ್ಷಿಸಿ ಸಹಿ ಹಾಕಬೇಕು. ಸಹಿ ಇಲ್ಲದ ಪ್ರೆಸ್ಸು ನಡೆಸುವಂತಿಲ್ಲ. ನನಗೆ ಇದರಲ್ಲಿ ಹಿಡಿಸಿದ್ದು ಅದರ ಸರಳತೆ. ಹೊಸ ಯಂತ್ರ ಬೇಡ, ಸಾಲ ಬೇಡ. ಒಬ್ಬ ಸೆಟ್ಟರ್, ಒಂದು ಚೀಟಿ, ಒಂದು ಪೆನ್ನು. ಪೀಣ್ಯದ ಯಾವ ಶೆಡ್ಡೂ ಕಾನೂನಿಗೆ ಕಾಯದೆ ನಾಳೆಯಿಂದಲೇ ಇದನ್ನು ಶುರುಮಾಡಬಹುದು. ಚೀಟಿ ಬರೆಯುವವನಿಗೆ ‘ಈ ಪ್ರೆಸ್ಸು ಇವತ್ತು ಬೇಡ’ ಎನ್ನುವ ಅಧಿಕಾರ ಇರಬೇಕು, ಅಷ್ಟೇ. ಅದು ಇಲ್ಲದಿದ್ದರೆ ಚೀಟಿಯೂ ಆ ಬೋರ್ಡಿನ ಹಾಗೆಯೇ ತೂಗುತ್ತಿರುತ್ತದೆ.

ಉಳಿದದ್ದು ಖರೀದಿ ಮಾಡುವವರ ಪಾಲು. ಪೀಸಿನ ಅಳತೆ ತಪ್ಪಿದರೆ ಲಾಟು ವಾಪಸ್ ಕಳಿಸುವ ಕಂಪನಿಗಳು ಗಾರ್ಡಿಲ್ಲದ ಪ್ರೆಸ್ಸಿನಲ್ಲಿ ಹೊಡೆದ ಲಾಟನ್ನೂ ಹಾಗೆಯೇ ವಾಪಸ್ ಕಳಿಸಬಹುದು. ಡ್ರಾಯಿಂಗಿನ ಮೂಲೆಯಲ್ಲಿ ಒಂದು ಸಾಲು ಬರೆದರೆ ನಾಲ್ವರು ಕೊಟೇಶನ್‌ದಾರರಿಗೂ ಅದೇ ಸಾಲು ಅನ್ವಯಿಸುತ್ತದೆ, ಐದು ಪೈಸೆ ಎಲ್ಲರಿಗೂ ಸಮನಾಗಿ ಏರುತ್ತದೆ, ಒಳ್ಳೆಯವನು ಸೋಲುವುದಿಲ್ಲ.

ನಮ್ಮ ಪಾಲೂ ಇದೆ, ಡೈ ಮಾಡುವವರದು ಮತ್ತು ಕಲಿಸುವವರದು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದಂದಿನಿಂದ ಈ ನಾಡು ಡೈ ಮೇಕರುಗಳನ್ನು ತಯಾರು ಮಾಡುತ್ತಲೇ ಇದೆ, ಜಗತ್ತಿನ ಎಲ್ಲ ಮೂಲೆಗೂ ಹೋಗಿದ್ದಾರೆ. ಡೈಯ ವಿನ್ಯಾಸಕ್ಕೆ ಅಂಕ ಕೊಡುವಾಗ ಕೈ ಹೊರಗಿರುತ್ತದೆಯೇ ಎಂಬುದಕ್ಕೂ ಅಂಕ ಇರಬೇಕು ಎಂದು ನಾನು ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದೇನೆ. ನಾನು ಪಾಠ ಮಾಡುವ ಕಡೆ ಹುಡುಗರು ಎರಡು ಡ್ರಾಯಿಂಗ್ ಕೊಡಬೇಕು, ಡೈಯದು ಒಂದು, ಗಾರ್ಡಿನದು ಒಂದು, ಜೊತೆಗೆ ಎರಡನ್ನೂ ಸೇರಿಸಿ ಒಂದು ಕೊಟೇಶನ್. ಮೊದಮೊದಲು ಗೊಣಗುತ್ತಾರೆ, ಆಮೇಲೆ ನನಗಿಂತ ಚೆನ್ನಾಗಿ ಮಾಡುತ್ತಾರೆ. ಈ ಸಲ ಒಬ್ಬ ಹುಡುಗ ತೋರಿಸಿದ ಜಾರುಹಲಗೆಯ ಏರ್ಪಾಡಿನಲ್ಲಿ ವೇಗವೂ ಕಡಿಮೆಯಾಗುವುದಿಲ್ಲ, ಪೀಸು ಕೈಯಿಂದ ಇಡುವುದಕ್ಕಿಂತ ಬೇಗ ಹೋಗುತ್ತದೆ. ಆ ಕೊಟೇಶನ್ನಿನಲ್ಲಿ ಗಾರ್ಡಿನ ಸಾಲನ್ನು ಹೊಡೆದುಹಾಕದೆ ಸಹಿ ಹಾಕುವ ಖರೀದಿದಾರರು ಯಾರಾದರೂ ಈ ಸಭೆಯಲ್ಲಿದ್ದರೆ ಕಾಫಿಯ ಹೊತ್ತಿನಲ್ಲಿ ಸಿಗಿ. ಡ್ರಾಯಿಂಗ್ ನನ್ನ ಚೀಲದಲ್ಲೇ ಇದೆ.